ಮುಂದೆ ಅಂಗಡಿ, ಹಿಂದೆ ಮನೆ: ಎರಡನ್ನೂ ನಡೆಸುವ ಬಗೆ

ತುಮಕೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಬ್ಲೌಸ್ ಅಂಗಡಿ. ಹೊಸದಾಗಿ ಅಂಗಡಿ ಇಡುವವರು ಬಂದು "ಮನೆ ಹೇಗಕ್ಕಾ ಸಂಭಾಳಿಸ್ತೀರಾ" ಅಂತ ಕೇಳುತ್ತಾರೆ. ನಾನು ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನಲ್ಲಿ ಅಂಗಡಿ ನಡೆಸುತ್ತಿದ್ದ ಹೆಂಗಸರ ಕಥೆಯಿಂದ ಶುರು ಮಾಡುತ್ತೇನೆ. ನಗಬೇಡಿ.

ಅವರಲ್ಲೂ ತುಂಬಾ ಜನ ಬಟ್ಟೆ ಹೊಲಿಯುವವರು, ಟೋಪಿ ಮಾಡುವವರು. ಕೆಳಗೆ ಅಂಗಡಿ, ಮೇಲೆ ಮನೆ. ಮದುವೆಯಾಗದ ತಂಗಿಯೋ ಅಕ್ಕನ ಮಗಳೋ ಅಂಗಡಿಯಲ್ಲಿ ಕೈ ಜೋಡಿಸುತ್ತಿದ್ದರು, ಒಲೆ, ನೀರು, ಪಾತ್ರೆ ಎಲ್ಲ ಒಬ್ಬಳೇ ಕೆಲಸದ ಹುಡುಗಿಯ ತಲೆ ಮೇಲೆ. ಬೋರ್ಡಿನಲ್ಲಿ ಮಾತ್ರ ಒಂದೇ ಹೆಸರು.

ಅದಕ್ಕೇ ಮೊದಲು ಒಂದು ಹಾಳೆ ತಗೊಂಡು, ಬೆಳಗ್ಗೆ ಹಾಲು ತರುವುದರಿಂದ ರಾತ್ರಿ ಬಾಗಿಲು ಹಾಕುವವರೆಗೆ ಯಾವ ಕೆಲಸ ಯಾರು ಮಾಡುತ್ತಾರೆ ಅಂತ ಬರೆಯಿರಿ. ನಮ್ಮತ್ತೆ ಹುಕ್ಸ್ ಹಾಕಿಕೊಡುತ್ತಿದ್ದರು. ಸುಮ್ನೆ ಕೂತಿರೋಕೆ ಬೇಜಾರು, ಅದಕ್ಕೆ ಮಾಡ್ತಾರೆ ಅಂದುಕೊಂಡಿದ್ದೆ. ಬರೆದು ನೋಡಿದರೆ ದಿನಕ್ಕೆ ಎರಡು ಗಂಟೆ! ಈಗ ಬ್ಲೌಸಿಗೆ ಇಷ್ಟು ಅಂತ ಕೊಡುತ್ತೇನೆ. "ಸೊಸೆ ಹತ್ರ ಕೂಲಿ ತಗೊಳ್ಳೋದಾ" ಅಂದರು, ಆಮೇಲೆ ಎಣಿಸಿ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡರು.

ಯಜಮಾನರಿಗೆ "ಸ್ವಲ್ಪ ಹೆಲ್ಪ್ ಮಾಡಿ" ಅನ್ನಬೇಡಿ. ಒಂದು ಕೆಲಸ ಪೂರ್ತಿ ಒಪ್ಪಿಸಿ. ರಾತ್ರಿ ಅಡುಗೆ ಅಂದರೆ ತರಕಾರಿ ತರುವುದರಿಂದ ಪಾತ್ರೆ ತೊಳೆಯುವವರೆಗೆ. ಮುದ್ದೆ ಗಂಟಾದರೂ ತಿನ್ನಿ.

ಇನ್ನು ದುಡ್ಡು. ಇಂಗ್ಲೆಂಡಿನಲ್ಲಿ ಹೆಂಡತಿ ದುಡಿದ ಹಣ ಕಾನೂನಿನ ಪ್ರಕಾರ ಗಂಡನದ್ದೇ ಆಗಿತ್ತು. 1870ರ ಕಾಯ್ದೆ ದುಡಿಮೆಯನ್ನು ಅವಳದ್ದು ಅಂದಿತು, 1882ರದ್ದು ಆಸ್ತಿಯನ್ನೂ ಅವಳ ಹೆಸರಿಗೆ ಬಿಟ್ಟಿತು. ನಿಮ್ಮ ಅಂಗಡಿಯ ಕ್ಯೂಆರ್ ಕೋಡ್ ಯಾರ ಖಾತೆಗೆ ಹೋಗುತ್ತಿದೆ? ಇವತ್ತೇ ನೋಡಿ.

ಕೈಕೆಳಗೆ ಹುಡುಗಿಯರನ್ನು ಇಟ್ಟುಕೊಂಡಿದ್ದರೆ ಇದನ್ನೂ ಕೇಳಿ. 1863ರಲ್ಲಿ ಲಂಡನ್ನಿನ ಒಂದು ಹೊಲಿಗೆ ಅಂಗಡಿಯಲ್ಲಿ ಮೇರಿ ಆನ್ ವಾಕ್ಲಿ ಅನ್ನುವ 20 ವರ್ಷದ ಹುಡುಗಿ ಸತ್ತಳು. ರಾಣಿಯ ಹೊಸ ಸೊಸೆಯ ಗೌರವಕ್ಕೆ ಇಟ್ಟಿದ್ದ ನೃತ್ಯಕೂಟದ ಉಡುಪುಗಳಿಗಾಗಿ 26 ಗಂಟೆಗೂ ಜಾಸ್ತಿ ಒಂದೇ ಸಮನೆ ಹೊಲಿದಿದ್ದಳು ಅಂತ ಆಗಿನ ಪತ್ರಿಕೆಗಳು ಬರೆದವು. ಅವಳ ಯಜಮಾನಿಯೂ ಹೆಂಗಸೇ. ನಮ್ಮಲ್ಲಿ ವರಮಹಾಲಕ್ಷ್ಮಿ ಹಬ್ಬದ ರಶ್ ಇದ್ದರೂ ಹುಡುಗಿಯರು ಏಳಕ್ಕೆ ಮನೆಗೆ. ಹಬ್ಬಕ್ಕೆ ಹತ್ತು ದಿನ ಇರುವಾಗ ಆರ್ಡರ್ ಬಂದ್. ಆದರೂ ಪರಿಚಯದವರು "ಒಂದೇ ಒಂದು ಬ್ಲೌಸ್ ಕಣೇ" ಅಂತ ಬಂದೇ ಬರುತ್ತಾರೆ, ಅಲ್ವಾ? ಅವರ ಹತ್ತಿರ ಮಾತಾಡೋಕೆ ನಮ್ಮತ್ತೆಯನ್ನೇ ಬಿಡುತ್ತೇನೆ.