ನಿಮ್ಮ ಗೋಡೆ ಬುಡದಲ್ಲಿ ಮೂತ್ರದ ಕಾಟವೇ? ಬಕೆಟ್ಟಿನಿಂದ ಶುರು ಮಾಡಿ

ಕಲಬುರಗಿಯ ನಮ್ಮ ಓಣಿಯ ತಿರುವಿನ ಗೋಡೆ ಮೇಲೆ ಎರಡು ಸಾಲು ಬರೆಸಿದ್ದೆವು. ಮೇಲೆ ‘ಇಲ್ಲಿ ಮೂತ್ರ’, ಕೆಳಗೆ ‘ಮಾಡಬಾರದು’. ವರ್ಷದೊಳಗೆ ಕೆಳಗಿನ ಸಾಲು ಉಪ್ಪು ಹಿಡಿದು ಪೂರಾ ಉದುರಿತು. ಉಳಿದದ್ದು ‘ಇಲ್ಲಿ ಮೂತ್ರ’. ಈಗ ಅದು ದಾರಿ ತೋರಿಸುವ ಬೋರ್ಡು!

ಗೋಡೆ ಬರಹ ಓದುವ ಪುರುಸೊತ್ತು ಯಾರಿಗೂ ಇಲ್ಲ. ‘ಇದೇ ಜಾಗ’ ಅಂತ ಮೂಗೇ ಹೇಳುತ್ತದೆ. ಹಾಗಾಗಿ ಮೊದಲು ವಾಸನೆ ತೆಗೆಯಬೇಕು.

ಆರಂಭಕ್ಕೆ ಬರೀ ನೀರು. ನಾಲ್ಕೈದು ಬಕೆಟ್ ಸುರಿದು, ಗೋಡೆಯನ್ನೂ ಮೊಣಕಾಲೆತ್ತರದವರೆಗೆ ಉಜ್ಜಿ. ಆಮೇಲೆ ಸೋಪಿನ ಪುಡಿ. ನೇರವಾಗಿ ಬ್ಲೀಚಿಂಗ್ ಪೌಡರ್ ಚೆಲ್ಲಬೇಡಿ. ಮೂತ್ರದ ಯೂರಿಯಾ ಕೊಳೆತು ಅಮೋನಿಯಾ ಆಗುತ್ತದೆ, ಆ ಗಬ್ಬು ನಾತ ಅದರದೇ. ಅದಕ್ಕೆ ಬ್ಲೀಚಿಂಗ್ ಬೆರೆತರೆ ಕಣ್ಣು, ಗಂಟಲು ಉರಿಸುವ ವಿಷಗಾಳಿ ಏಳುತ್ತದೆ. ಆಸಿಡ್ ಅಂತೂ ಬೇಡವೇ ಬೇಡ. ನಮ್ಮ ಕಡೆ ನೆಲಕ್ಕೆ ಹಾಸುವುದು ಶಹಾಬಾದ ಫರಸಿ, ಅಂದರೆ ಸುಣ್ಣದ ಕಲ್ಲು. ಆಸಿಡ್ ಬಿದ್ದ ಕೂಡಲೇ ಬುರುಬುರು ನೊರೆ ಬಂದು ಕಲ್ಲಿನ ನುಣುಪು ಹೋಗುತ್ತದೆ. ಒರಟಾದ ಕಲ್ಲು ಹೊಲಸನ್ನು ಇನ್ನೂ ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಫರಸಿ ನಡುವಿನ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿಸಿ. ಒಮ್ಮೆ ತೊಳೆದು ಸುಮ್ನೆ ಕೂತರೆ ಆಗದು, ಎರಡು ವಾರ ದಿನಾ ತೊಳೆಯಿರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ಮಧ್ಯಾಹ್ನವಾದರೆ ಹಳೆಯದೆಲ್ಲ ಎದ್ದು ಬರುತ್ತದೆ.

ಅಲ್ಲಿ ನಿಲ್ಲುವವರಿಗೆ ಮರೆ ಕೊಡುವ ಮುರುಕು ಬಂಡಿ, ಹಳೆ ಸಾಮಾನು ತೆಗೆಸಿ. ಒಂದು ಬಲ್ಬ್ ಹಾಕಿ.

ದೇವರ ಟೈಲ್ಸ್ ಅಂಟಿಸುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ದೇವರನ್ನು ಕಾವಲಿಗೆ ನಿಲ್ಲಿಸಿದರೆ, ಬಂದವನು ಕೈಮುಗಿದು ಹತ್ತು ಹೆಜ್ಜೆ ಮುಂದೆ ಹೋಗುತ್ತಾನೆ, ಅಲ್ವಾ? ಅಲ್ಲಿರುವುದು ಬಾಜು ಮನೆಯವರ ಗೇಟು.

ಇಷ್ಟಾದ ಮೇಲೂ ಯಾರು, ಯಾವ ಹೊತ್ತಿಗೆ ಬರುತ್ತಾರೆ ನೋಡಿ. ನಮ್ಮಲ್ಲಿ ಬರುತ್ತಿದ್ದವರು ಆಟೋದವರು, ಅದೂ ಕತ್ತಲಾದ ಮೇಲೆ. ಜಗಳಕ್ಕೆಂದೇ ಹೋದೆ. ‘ಸಾಹೇಬ್ರ, ಎಲ್ಲಿ ಹೋಗ್ಬೇಕು ಹೇಳ್ರಿ, ಅಲ್ಲೇ ಹೋಗ್ತೀನಿ’ ಅಂದರು ಒಬ್ಬರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತಿರದ ಶೌಚಾಲಯಕ್ಕೆ ಸಂಜೆ ಏಳಕ್ಕೇ ಬೀಗ. ಹೆಂಗಸರು ತಡೆದುಕೊಂಡೇ ಮನೆ ಮುಟ್ಟುತ್ತಿದ್ದರು. ಅವರ ಕಷ್ಟ ಗೋಡೆ ಮೇಲೆ ಕಾಣುವುದಿಲ್ಲ ನೋಡಿ. ನಿಮ್ಮಲ್ಲೂ ಹೀಗಿದ್ದರೆ ವಾರ್ಡ್ ನಂಬರ್, ಬೀಗದ ಫೋಟೊ, ಹೊತ್ತು ಬರೆದು ಪಾಲಿಕೆಗೆ ಅರ್ಜಿ ಕೊಡಿ. ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೂ ಫೋನ್ ಮಾಡಿ. ಅರ್ಜಿಗೆ ಆಟೋದವರ ಸಹಿಯನ್ನೂ ಹಾಕಿಸಿ. ನಮ್ಮದರಲ್ಲಿ ಮೊದಲ ಸಹಿ ಅವರದೇ ಇತ್ತು.