ಕೆಳಗಿನಿಂದ ಮೇಲಕ್ಕೆ ಓದುವ ಪುಸ್ತಕ

ಬೇಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಸ್ಕೂಲು ಬಿಟ್ಟ ಮೇಲೆ ಮಕ್ಕಳು ಬಂದು ಕೂರುತ್ತಾರೆ. ನಮ್ಮಲ್ಲಿರುವ ಚಿತ್ರಪುಸ್ತಕಗಳಲ್ಲಿ ಯಾರಾದರೂ ತೀರಿಕೊಂಡರೆ ನಕ್ಷತ್ರ ಆಗಿಬಿಡುತ್ತಾರೆ. ನಮ್ಮೂರಲ್ಲಿ ಹಾಗಲ್ಲ. ತೀರಿಕೊಂಡ ತಾತ ವರ್ಷಕ್ಕೊಂದು ಸಲ ಮನೆಗೆ ಬಂದು ಊಟ ಮಾಡಿಕೊಂಡು ಹೋಗುತ್ತಾರೆ. ಇದನ್ನೇ ಪುಸ್ತಕ ಮಾಡೋಣ ಅಂತ ಮಕ್ಕಳ ಜೊತೆ ಕೂತೆ.

ಪುಸ್ತಕದ ಆಕಾರ ಸಿಕ್ಕಿದ್ದು ಕೆರೆ ಏರಿ ಪಕ್ಕದ ವೀರಗಲ್ಲಿನಿಂದ. ನಮ್ಮ ಕಡೆ ಇಂಥ ಕಲ್ಲು ಜಾಸ್ತಿ. ಹೆಚ್ಚಿನವಕ್ಕೆ ಮೂರು ಅಂತಸ್ತು. ಕೆಳಗೆ ಕಾದಾಟ: ಊರಿನ ದನ ಹೊಡೆದುಕೊಂಡು ಹೋಗುವವರಿಗೆ ಅಡ್ಡ ನಿಂತವನು. ನಡುವೆ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಸತ್ತ ಮೇಲೆ ಏನಾಗುತ್ತದೆ ಅನ್ನುವುದನ್ನು ಅಕ್ಷರ ಬಾರದವರಿಗೂ ತಿಳಿಯುವ ಹಾಗೆ ಚಿತ್ರದಲ್ಲೇ ಹೇಳಿದ್ದಾರೆ. ಅದನ್ನು ಓದಬೇಕಾದ್ದು ಕೆಳಗಿನಿಂದ ಮೇಲಕ್ಕೆ. ಹಾಗಾಗಿ ನಮ್ಮ ಪುಸ್ತಕವನ್ನೂ ಬಲದಿಂದ ಎಡಕ್ಕೆ ಮಗುಚುವ ಹಾಗೆ ಹೊಲಿಯಲಿಲ್ಲ. ಗೋಡೆ ಕ್ಯಾಲೆಂಡರಿನ ಹಾಗೆ ತಲೆ ಕಡೆ ಹೊಲಿದೆವು. ಹಾಳೆ ಮೇಲಕ್ಕೆ ಎತ್ತಬೇಕು. ಬಣ್ಣ ಕೆಮ್ಮಣ್ಣು, ಇದ್ದಿಲು, ಅರಿಸಿನದ್ದು.

ಆತಕೂರಿನ ಕಲ್ಲಿನ ಕತೆ ಹೇಳಿದ ಮೇಲೆ ಮಕ್ಕಳು ಇನ್ನಷ್ಟು ಹತ್ತಿರ ಬಂದರು. ಮಂಡ್ಯ ಜಿಲ್ಲೆಯ ಆ ಕಲ್ಲು ಕ್ರಿ.ಶ. 949-50ರದ್ದು. ಕಾಳಿ ಅನ್ನುವ ನಾಯಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. "ಹಂಗಾದ್ರೆ ನಮ್ಮ ನಾಯಿನೂ ಬರೀಬಹುದಾ ಮಿಸ್?" ಅಂತ ಒಬ್ಬ ಕೇಳಿದ. ಬರೆದ. ಆ ಹಾಳೆ ಪುಸ್ತಕದಲ್ಲಿದೆ.

ಆಮೇಲಿನ ಕೆಲಸ ಕೇಳುವುದು. ಮಕ್ಕಳು ಮನೆಗೆ ಹೋಗಿ ಅಜ್ಜಿಯರನ್ನು ಕೇಳಿಕೊಂಡು ಬರುತ್ತಿದ್ದರು. ಮೂರನೇ ದಿನ ಹಾಲು ತುಪ್ಪ ಬಿಡುವುದು, ಹನ್ನೊಂದನೇ ದಿನ ತಿಥಿ, ಲಿಂಗಾಯತರ ಮನೆಯಲ್ಲಿ ಕೂರಿಸಿ ಮಣ್ಣು ಮಾಡುವುದು, ಎಲ್ಲಾ ಬಂತು. ಕಾಗೆಯ ವಿಷಯದಲ್ಲಿ ಮಾತ್ರ ಮಕ್ಕಳ ಬಾಯಿ ನಿಲ್ಲಲಿಲ್ಲ. ಎಡೆಯನ್ನು ಕಾಗೆ ಮುಟ್ಟಲಿಲ್ಲ ಅಂದರೆ ಹೋದವರಿಗೆ ಏನೋ ಆಸೆ ಉಳಿದಿದೆ ಅಂತ ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡುತ್ತಾರೆ. ಒಬ್ಬ ಹುಡುಗಿ ತಮ್ಮ ಮನೆಯಲ್ಲಿ ನಡೆದದ್ದು ಹೇಳಿದಳು. ದೊಡ್ಡಪ್ಪ "ಜಗಳ ಮಾಡಲ್ಲ ಕಣವ್ವ" ಅಂದರು. ಕಾಗೆ ಬರಲಿಲ್ಲ. ಅತ್ತೆ "ಮಗಳ ಮದುವೆ ಚೆನ್ನಾಗಿ ಮಾಡ್ತೀವಿ" ಅಂದರು. ಬರಲಿಲ್ಲ. ಕೊನೆಗೆ ಅವಳ ಅಪ್ಪ "ನಿನ್ನ ಹಸಾನ ಮಾರಲ್ಲ ಅವ್ವ" ಅಂದರು. ಕಾಗೆ ಇಳಿಯಿತು. ಆ ಹಸು ಇನ್ನೂ ಅವರ ಕೊಟ್ಟಿಗೆಯಲ್ಲಿದೆ. ಹಸುವನ್ನು ಅವಳೇ ಬರೆದಳು, ಕೊಂಬಿನ ಓರೆ ಸಮೇತ.

ನಾನು ಜಾಸ್ತಿ ಹೊತ್ತು ಯೋಚಿಸಿದ್ದು ಮಹಾಲಯ ಅಮಾವಾಸ್ಯೆಯ ಹಾಳೆಗೆ. ಹಿರಿಯರ ಹಬ್ಬದ ದಿನ ಬಾಳೆ ಎಲೆಯಲ್ಲಿ ಅವರಿಗೆ ಇಷ್ಟವಾದದ್ದೆಲ್ಲ ಇಡುತ್ತಾರೆ. ಕಜ್ಜಾಯ, ವಡೆ, ಕೋಳಿ ಸಾರು, ಎಲೆ ಅಡಿಕೆ, ಹೊಸ ಪಂಚೆ, ಸೀರೆ. ಧೂಪ ಹಾಕಿ, ಕೈಮುಗಿದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುತ್ತಾರೆ. ಒಳಗೆ ಹಿರೀಕರು ಊಟ ಮಾಡುತ್ತಾರೆ. ಅವರನ್ನು ಹೇಗೆ ಬರೆಯುವುದು? ಬಿಳಿ ಹೊಗೆಯ ಹಾಗೆ ಬರೆದರೆ ಸಿನಿಮಾದ ದೆವ್ವ ಆಗುತ್ತದೆ. ಮನುಷ್ಯರ ಹಾಗೆ ಬರೆದರೂ ಸರಿ ಕಾಣಲ್ಲ, ಅವರನ್ನು ಯಾರೂ ನೋಡಿಲ್ಲ ಅಲ್ವಾ. ಕೊನೆಗೆ ಮುಚ್ಚಿದ ಬಾಗಿಲು, ಅದಕ್ಕೆ ಕಿವಿ ಕೊಟ್ಟು ನಿಂತ ಮಗು, ಇಷ್ಟೇ ಬರೆದೆ. ಕೆಳಗೆ ಒಂದೇ ಸಾಲು: "ತಾತ ಊಟ ಮಾಡ್ತಾ ಇದ್ದಾರೆ."

"ತಾತ ಬರುತ್ತಾರೆ ಎಂದು ಜನ ನಂಬುತ್ತಾರೆ" ಅಂತ ಬರೆಯಿರಿ ಅಂತ ಒಬ್ಬ ಮೇಷ್ಟ್ರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಹಾಗೆ ಬರೆದ ತಕ್ಷಣ ಮಗು ತನ್ನ ಮನೆಯನ್ನೇ ದೂರ ನಿಂತು ನೋಡಬೇಕಾಗುತ್ತದೆ. ನಿಜವೋ ಸುಳ್ಳೋ ಅಂತ ಅದು ದೊಡ್ಡದಾದ ಮೇಲೆ ತಾನೇ ಕೇಳಿಕೊಳ್ಳಲಿ, ಕೇಳಲೇಬೇಕು. ಆದರೆ ಪುಸ್ತಕ ಅದರ ಅಜ್ಜಿಯ ಮಾತಿನ ಮೇಲೆ ಮೊದಲೇ ಅನುಮಾನ ಹಾಕಬಾರದು. ಎಡೆಯಲ್ಲಿ ಬೀಡಿ ಕಟ್ಟು ಇದೆ, ಅದನ್ನು ತೆಗೆಯಿರಿ ಅಂತಲೂ ಕೆಲವರು ಹೇಳಿದರು. ತೆಗೆಯಲಿಲ್ಲ. ತಾತನಿಗೆ ಇಷ್ಟವಾದದ್ದನ್ನೇ ಇಡಬೇಕು ಅನ್ನುವುದೇ ಆ ಹಬ್ಬ. "ಮಕ್ಕಳಿಗೆ ಯಾಕೆ ಮೇಡಂ ಸಾವಿನ ಪುಸ್ತಕ, ಅಪಶಕುನ" ಅಂದ ತಾಯಿಯೊಬ್ಬರಿಗೆ, ಹಾಲು ತುಪ್ಪಕ್ಕೆ ಹೋಗುವಾಗ ಚೊಂಬು ಹಿಡಿದಿದ್ದು ನಿಮ್ಮ ಮಗನೇ ಅಲ್ವಾ ಅಂತ ನೆನಪಿಸಿದೆ.

ಬೇರೆ ದೇಶದ ಮೂಲನಿವಾಸಿಗಳಿಂದಲೂ ಕಲಿತೆ. ಆಸ್ಟ್ರೇಲಿಯಾದಲ್ಲಿ ಅವರ ಬಗೆಗಿನ ಎಷ್ಟೋ ಪುಸ್ತಕಗಳ ಮೊದಲಲ್ಲೇ, ಇದರಲ್ಲಿ ತೀರಿಕೊಂಡವರ ಹೆಸರು, ಫೋಟೊ ಇರಬಹುದು ಅಂತ ಎಚ್ಚರಿಕೆ ಇರುತ್ತದೆ. ಅಲ್ಲಿನ ಹಲವು ಸಮುದಾಯಗಳಲ್ಲಿ ಹೋದವರ ಹೆಸರನ್ನು ಒಂದಷ್ಟು ಕಾಲ ಹೇಳುವುದಿಲ್ಲ. ನಾವೋ ಫೋಟೊಗೆ ಹಾರ ಹಾಕಿ ಹೆಸರು ಹಿಡಿದು ಕರೆಯುತ್ತೇವೆ. ಆದರೂ ಪ್ರತಿ ಮನೆಯವರನ್ನೂ ಕೇಳಿಯೇ ಹೆಸರು ಹಾಕಿದೆವು. ಒಂದು ಮನೆಯವರು ಬೇಡ ಅಂದರು, ಹಾಕಲಿಲ್ಲ. ನ್ಯೂಜಿಲೆಂಡಿನ ಮಾವೋರಿ ಜನರ ಪ್ರಕಾರ ಸತ್ತವರ ಜೀವ ದೇಶದ ಉತ್ತರದ ತುದಿಯಲ್ಲಿರುವ ತೆ ರೆರೆಂಗಾ ವೈರುವಾ ಅನ್ನುವ ಜಾಗಕ್ಕೆ ಹೋಗಿ, ಅಲ್ಲಿನ ಒಂದು ಪೊಹುತುಕಾವಾ ಮರದ ಬೇರು ಹಿಡಿದು ಕಡಲಿಗೆ ಇಳಿಯುತ್ತದೆ. ಎಲ್ಲೋ ಮೇಲೆ ಅಂತಲ್ಲ, ಹೋಗಿ ನೋಡಬಹುದಾದ ಜಾಗ, ನೋಡಬಹುದಾದ ಮರ. ಅದನ್ನು ಓದಿದ ಮೇಲೆ ನಮ್ಮ ಪುಸ್ತಕದ ಕೆರೆ ಏರಿ, ಹೊಂಗೆ ಮರ, ಹೋದವರನ್ನು ಮಣ್ಣು ಮಾಡಿದ ಗುಡ್ಡೆ ಇರುವ ತೋಟದ ಮೂಲೆ, ಎಲ್ಲವನ್ನೂ ಊರಲ್ಲಿ ಇರುವ ಹಾಗೇ ಬರೆಸಿದೆ.

ನಮ್ಮ ತಾಲ್ಲೂಕಿನದೇ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನ ಇದ್ದಾರೆ. ಮನೆಯಲ್ಲಿ ಅವರ ಮಾತು ವಾಗ್ರಿ. ಅವರ ನಂಬಿಕೆ ಈ ಪುಸ್ತಕದಲ್ಲಿ ಇಲ್ಲ. ಅದನ್ನು ನಾನು ಕೇಳಿಕೊಂಡು ಬಂದು ಬರೆಯುವುದಕ್ಕಿಂತ ಅವರ ಮಕ್ಕಳೇ ಅವರ ಅಜ್ಜಿಯರನ್ನು ಕೇಳಿ, ಅವರ ಮಾತಿನಲ್ಲೇ ಬರೆಯಬೇಕು. ಪುಸ್ತಕದ ಒಂದು ಪ್ರತಿ ಕೊಟ್ಟು, ಬೇಕಾದರೆ ಹೊಲಿಯುವುದನ್ನು ಹೇಳಿಕೊಡುತ್ತೇನೆ ಅಂತ ಅಲ್ಲಿ ಹೇಳಿ ಬಂದಿದ್ದೇನೆ.