ಹೊಟ್ಟೆಕಿಚ್ಚಿನ ಕಣ್ಣಲ್ಲಿ ಗೆಳತಿ: ಒಂದು ಕತೆ ಬರೆದ ಅನುಭವ

ಇಬ್ಬರು ಟೈಲರ್‌ಗಳ ಕತೆ ಅದು. ಒಂದೇ ಬೀದಿಯಲ್ಲಿ ಇಬ್ಬರಿಗೂ ಅಂಗಡಿ. ಕತೆ ಹೇಳುವವಳು ಸರೋಜ, ಹೇಳುವುದು ಗೆಳತಿ ವಿಮಲಳ ಬಗ್ಗೆ. ಸರೋಜಳಿಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಆದರೆ ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳುವುದಿಲ್ಲ. ಓದುಗರಿಗೆ ವಿಮಲ ಸಿಗುವುದು ಈ ಸರೋಜಳ ಬಾಯಿಂದ ಮಾತ್ರ. ಹಾಗಿರುವಾಗ ವಿಮಲಳನ್ನು ಜೀವ ಇರುವ ಮನುಷ್ಯಳಾಗಿ ನಿಲ್ಲಿಸುವುದು ಹೇಗೆ?

ನನಗೆ ದಾರಿ ಕಂಡದ್ದು ಮಹಾಭಾರತದ ಸಭಾಪರ್ವದಲ್ಲಿ. ರಾಜಸೂಯ ನೋಡಿಕೊಂಡು ಬಂದ ದುರ್ಯೋಧನ ಪಾಂಡವರ ಸಂಪತ್ತನ್ನು ಅಪ್ಪನ ಮುಂದೆ ಹೇಳಿ ಸಂಕಟಪಡುತ್ತಾನೆ. ಕಪ್ಪಕಾಣಿಕೆಗಳ ಆ ಪಟ್ಟಿ ಅಧ್ಯಾಯಗಟ್ಟಲೆ ಸಾಗುತ್ತದೆ. ಕಾಂಬೋಜರ ದೊರೆ ಕೊಟ್ಟ 300 ಕುದುರೆಗಳು, ಅವುಗಳ ಮೈಮೇಲೆ ತಿತ್ತಿರಿ ಹಕ್ಕಿಯಂಥ ಚುಕ್ಕೆ, ಗಿಣಿಯಂಥ ಮೂಗು! ಪಾಂಡವರ ಮೇಲೆ ಪ್ರೀತಿ ಇದ್ದವರು ಇಷ್ಟು ಗಮನವಿಟ್ಟು ಖಂಡಿತ ನೋಡಿರಲಿಕ್ಕಿಲ್ಲ.

ಮಯಸಭೆಯ ಪ್ರಸಂಗ ಇನ್ನೂ ಸೂಕ್ಷ್ಮ. ಅವನು ನೀರಿಗೆ ಬಿದ್ದದ್ದು ಎಲ್ಲರಿಗೂ ಗೊತ್ತಲ್ವಾ. ಹಲವು ಹಸ್ತಪ್ರತಿಗಳನ್ನು ಹೋಲಿಸಿ ಪುಣೆಯ ಭಂಡಾರ್ಕರ್ ಸಂಸ್ಥೆ ಸಿದ್ಧಪಡಿಸಿದ ಪರಿಷ್ಕೃತ ಪಾಠದಲ್ಲಿ, ಘಟನೆ ನಡೆಯುವ ಜಾಗದಲ್ಲಿ ನಗುವವರು ಆಳುಗಳು, ಭೀಮ, ಅರ್ಜುನ, ನಕುಲ, ಸಹದೇವ. ಅದನ್ನೇ ದುರ್ಯೋಧನ ಅಪ್ಪನಿಗೆ ಹೇಳುವಾಗ ಕೃಷ್ಣನೂ ನಕ್ಕ, ದ್ರೌಪದಿಯೂ ಹೆಂಗಸರ ಜೊತೆ ಸೇರಿ ನಕ್ಕಳು ಎನ್ನುತ್ತಾನೆ. ಬಿದ್ದದ್ದು ನಿಜ. ನಕ್ಕವರ ಸಂಖ್ಯೆ ಮಾತ್ರ ಜಾಸ್ತಿಯಾಗಿದೆ.

ಸರೋಜಳಿಗೂ ಇದೇ ಸ್ವಭಾವ ಕೊಟ್ಟೆ. ಅವಳ ಕಣ್ಣು ತಪ್ಪುವುದಿಲ್ಲ. ಕಂಡದ್ದಕ್ಕೆ ಅವಳು ಕೊಡುವ ಕಾರಣ ಮಾತ್ರ ಅವಳದೇ. ಬ್ಲೌಸ್ ಹೊಲಿದು ಕೊಡುವಾಗ ವಿಮಲ ಉಳಿದ ಚೂರುಬಟ್ಟೆಯನ್ನೂ ಮಡಿಸಿ ಚೀಲದಲ್ಲಿ ಇಡುತ್ತಾಳೆ. ‘ಒಳ್ಳೆಯವಳು ಅನ್ನಿಸಿಕೊಳ್ಳೋಕೆ ಏನೇನು ಮಾಡ್ತಾಳೆ ನೋಡಿ’ ಅನ್ನುತ್ತಾಳೆ ಸರೋಜ. ಓದುಗರು ಚೂರುಬಟ್ಟೆಯನ್ನು ನಂಬುತ್ತಾರೆ, ಸರೋಜಳ ಮಾತನ್ನಲ್ಲ. ವಿಮಲ ಬಿಚ್ಚಿ ಮತ್ತೆ ಹೊಲಿದ ತೋಳುಗಳನ್ನೆಲ್ಲ ಸರೋಜ ಲೆಕ್ಕ ಇಟ್ಟಿದ್ದಾಳೆ. ಆದರೂ ಗಿರಾಕಿ ಬರುವುದು ವಿಮಲಳ ಕೈಗುಣದಿಂದ ಎಂದೇ ಅವಳ ತೀರ್ಮಾನ. ತನ್ನದು ದುಡಿಮೆ, ಗೆಳತಿಯದು ಅದೃಷ್ಟ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ವಿಮಲಳ ಕಷ್ಟ. ಎಲ್ಲ ಇದ್ದವಳಿಗೂ ನೋವು ಇರಬಹುದು ಅಂತ ಸರೋಜಳಿಗೆ ಹೊಳೆಯುವುದೇ ಇಲ್ಲ. ಹಾಗಾಗಿ ನೋವು ಕೂಡ ದೂರಿನ ರೂಪದಲ್ಲೇ ಬರಬೇಕಿತ್ತು. ‘ಯುಗಾದಿ ದಿನವೂ ಬೆಳಿಗ್ಗೆನೇ ಷಟರ್ ಎತ್ತಿದ್ಳು, ಅಷ್ಟು ದುಡ್ಡಿನ ಆಸೆ.’ ಹಬ್ಬದ ದಿನ ಮನೆಯಲ್ಲಿ ಇರಲಾರದ ಹೆಂಗಸು ಆ ಸಾಲಿನೊಳಗೆ ಇದ್ದಾಳೆ.

ವಿಮಲಳ ಮಾತುಗಳನ್ನು ಮಾತ್ರ ಸರೋಜಳಿಗೆ ಮುಟ್ಟಲು ಬಿಡಲಿಲ್ಲ. ‘ಜಂಬದಿಂದ ಹೇಳಿದಳು’ ಎಂಬಂಥ ಬಾಲಗಳನ್ನೆಲ್ಲ ಕತ್ತರಿಸಿದೆ. ‘ಸರೂ, ನಿನ್ನ ಮಿಷಿನ್ ಕೆಟ್ಟಿದೆಯಂತೆ. ನನ್ನದು ರಾತ್ರಿ ಖಾಲಿನೇ ಇರುತ್ತೆ, ಬಂದು ಹೊಲ್ಕೋ.’ ಅಷ್ಟೇ. ಮುಂದಿನ ಪ್ಯಾರಾದಲ್ಲಿ ಸರೋಜ ಇದನ್ನು ಅವಮಾನ ಅಂತ ತಿಳಿದು ಉರಿದುಕೊಳ್ಳುತ್ತಾಳೆ. ಅಷ್ಟರಲ್ಲಿ ಓದುಗರು ಆ ಮಾತನ್ನು ತಾವೇ ಕೇಳಿಸಿಕೊಂಡಿರುತ್ತಾರೆ.

ಕೊನೆಯಲ್ಲಿ ಸರೋಜಳಿಗೆ ಪಶ್ಚಾತ್ತಾಪ ತರಿಸಲಿಲ್ಲ. ಅದು ಬಂದರೆ ವಿಮಲ ಎಂಥವಳು ಅಂತ ಅವಳೇ ವಿವರಿಸಿಬಿಡುತ್ತಾಳೆ, ಓದುಗರಿಗೆ ಕೆಲಸವೇ ಉಳಿಯುವುದಿಲ್ಲ.

ಕತೆಯನ್ನು ಪರಿಚಯದವರಿಗೆ ಓದಲು ಕೊಟ್ಟು, ವಿಮಲ ಎಂಥವಳು ಅಂತ ಕೇಳಿದೆ. ಸರೋಜ ಹೇಳದ ಏನಾದರೂ ಅವರ ಬಾಯಿಂದ ಬರುತ್ತದಾ ಅಂತ ನನ್ನ ಕುತೂಹಲ. ‘ಪಾಪ, ಆಕೆಗೆ ಮನೇಲಿ ಯಾರೂ ಇಲ್ಲ ಅಲ್ವಾ?’ ಎಂದರು ಒಬ್ಬರು. ಕತೆಯಲ್ಲಿ ವಿಮಲಳ ಮನೆಯ ಬಗ್ಗೆ ಒಂದು ಸಾಲೂ ಇಲ್ಲ.